ಅಮ್ಮನ ಹತ್ತಿರ ಹೂ ಕೇಳಿದ್ದು

ನಮ್ಮ ಕುಲದೇವಿ ಅಮ್ಮನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ ಎನ್ನುವುದು ನನ್ನ ಸೋದರತ್ತೆಯ ಗಟ್ಟಿ ನಂಬಿಕೆ. ತಿರುಪ್ಪೂರಿನಲ್ಲಿ ಇಷ್ಟು ತಲೆಮಾರು ಕೂತು, ಬೀದಿಯ ತಮಿಳನ್ನೆಲ್ಲ ಕೇಳಿಯೂ ಅಮ್ಮ ಒಂದಕ್ಷರ ಕಲಿತಿಲ್ಲವಂತೆ. ಅತ್ತೆಯೇನೋ ತರಕಾರಿಯವನ ಜೊತೆ ತಮಿಳಿನಲ್ಲೇ ಜಗಳವಾಡುತ್ತಾಳೆ. ಕನ್ನಡ ಓದಲು ಬಾರದು. ಓದಬಲ್ಲವಳು ಮನೆಯಲ್ಲಿ ನಾನೊಬ್ಬಳೇ. ಆದ್ದರಿಂದ ಬುದ್ಧಿಯೂ ನನಗೇ ಜಾಸ್ತಿ ಎಂದು ತಿಳಿದುಕೊಂಡಿದ್ದೆ.

ನಮ್ಮ ಲೈನ್ ಮನೆಯಲ್ಲಿ ಎಂಟು ವರ್ಷದಿಂದ ಒಡಿಶಾದ ಹೆಂಗಸೊಬ್ಬಳು ಬಾಡಿಗೆಗಿದ್ದಾಳೆ. ಬನಿಯನ್ ಕಂಪೆನಿಯಲ್ಲಿ ಹೊಲಿಗೆ ಕೆಲಸ. ಊರಿಗೆಲ್ಲ ಅವಳು ‘ಹಿಂದಿಕಾರಿ’. ಅವಳ ಭಾಷೆ ಹಿಂದಿಯಲ್ಲ ಎಂದು ಎಷ್ಟು ಬಡಕೊಂಡರೂ ಅಷ್ಟೆ, ನಮ್ಮವರಿಗೆ ಸೇಲಂ ದಾಟಿದರೆ ಎಲ್ಲವೂ ಹಿಂದಿಯೇ. ನಮ್ಮ ಮುತ್ತಾತಂದಿರೂ ಆ ಕಡೆಯಿಂದಲೇ ಇಳಿದು ಬಂದವರು ಎನ್ನುವುದು ಆಗ ಯಾರಿಗೂ ನೆನಪಾಗುವುದಿಲ್ಲ.

ಹೋದ ವರ್ಷ ಅವಳ ಮಗಳಿಗೆ ಡೆಂಗ್ಯೂ ಬಂತು. ಮಗು ಉಳಿದರೆ ದೇವಿಯ ಹಬ್ಬಕ್ಕೆ ತಂಬಿಟ್ಟಿನ ದೀಪ ಹೊರುತ್ತೇನೆ ಎಂದು ಅವಳು ನಮ್ಮ ಅಮ್ಮನಿಗೆ ಹರಕೆ ಹೊತ್ತಳು. ಮಗು ಉಳಿಯಿತು. ಹರಕೆ ತೀರಿಸದಿದ್ದರೆ ಮತ್ತೇನಾದೀತೋ ಎಂದು ಅವಳಿಗೆ ಅನ್ನವೂ ಸೇರುತ್ತಿರಲಿಲ್ಲ. ಆದರೆ ಆ ದೀಪ ಹೊರುವುದು ನಮ್ಮ ಕುಲದ ಹೆಣ್ಣುಮಕ್ಕಳು ಮಾತ್ರ. ದೇವಸ್ಥಾನದ ಕಮಿಟಿಯಲ್ಲಿ ಎರಡು ಪಕ್ಷದವರಿದ್ದಾರೆ. ಮೈಕ್ ಸೆಟ್ ಯಾರದೆಂದು ಕೂಡ ಕಚ್ಚಾಡುವ ಇವರು, ಅವಳು ಬೇಡ ಎನ್ನುವುದಕ್ಕೆ ಮಾತ್ರ ಒಂದಾದರು. ಅವಳ ಓಟೂ ಇಲ್ಲಿಲ್ಲವಲ್ಲ.

ಅಮ್ಮನನ್ನೇ ಕೇಳಿಬಿಡೋಣ ಎಂದಳು ಅತ್ತೆ. ನಮ್ಮಲ್ಲಿ ಹೂ ಕೇಳುವ ಪದ್ಧತಿಯಿದೆ. ಬಿಳಿ ಹೂವಿನ ಪೊಟ್ಟಣ ಒಂದು, ಕೆಂಪಿನದು ಒಂದು, ಅಮ್ಮನ ಮುಂದಿಟ್ಟು ಚಿಕ್ಕ ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸುತ್ತಾರೆ. ಬಿಳಿ ಬಂದರೆ ಒಪ್ಪಿಗೆ, ಕೆಂಪು ಬಂದರೆ ಇಲ್ಲ. ಪೊಟ್ಟಣ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನಾನು ಎರಡರಲ್ಲೂ ಬಿಳಿಯ ನಂದಿಬಟ್ಟಲನ್ನೇ ಇಟ್ಟೆ.

ಬಿಳಿಯೇ ಬಂತು. ಕಮಿಟಿಯವರ ಮುಖ ಹುಳ್ಳಗಾಯಿತು. ನಾನು ಒಳಗೊಳಗೇ ಬೀಗುತ್ತಿರುವಾಗ ಅತ್ತೆ ಇನ್ನೊಂದು ಪೊಟ್ಟಣವನ್ನೂ ಬಿಚ್ಚಿದಳು. ಹಾಗೆ ಯಾರೂ ಬಿಚ್ಚುವುದಿಲ್ಲ. ನನ್ನ ಮುಖ ನೋಡಿಯೇ ಅನುಮಾನ ಬಂದಿರಬೇಕು.

ಮೋಸ ಮೋಸ, ಮತ್ತೆ ಕೇಳಬೇಕು ಎಂದು ಗಲಾಟೆಯೆದ್ದಿತು. ಒಡಿಶಾದವಳು ಮಗಳ ಕೈ ಹಿಡಿದು ಬಾಗಿಲಾಚೆ ನಿಂತಿದ್ದಳು, ಮುಖ ಬಿಳಿಚಿಕೊಂಡಿತ್ತು. ಅತ್ತೆ ನನ್ನ ಕಡೆ ತಿರುಗಿದಳು.

“ಅಮ್ಮ ಬ್ಯಾಡ ಅಂತಾಳೆ ಅಂತ ನೀನೇ ತೀರ್ಮಾನ ಮಾಡ್ಬುಟ್ಟಿಯಾ? ಇವ್ರಿಗೂ ನಿಂಗೂ ಏನು ವ್ಯತ್ಯಾಸ?”

ನಾಚಿಕೆಯಿಂದ ನಾನು ಚೆಲ್ಲಿದ ಹೂಗಳನ್ನು ಆಯತೊಡಗಿದೆ.

ಆಮೇಲೆ ಅತ್ತೆಯ ಬಾಯಿಗೆ ಸಿಕ್ಕುವ ಸರದಿ ಕಮಿಟಿಯವರದು. “ಆಸ್ಪತ್ರೇಲಿ ಇವ್ಳು ಕೇಳ್ದಾಗ್ಲೇ ಅಮ್ಮ ಮಗೂನ ಎಬ್ಬಿಸಿ ಕೊಟ್ಟಾಯ್ತು. ಅಲ್ಲಿ ನಿಂತದೆ, ನೋಡ್ರಿ. ಅದ್ಕಿಂತ ಇನ್ನ್ಯಾವ ಹೂ ಬೇಕು ನಿಮ್ಗೆ?”

ಒಬ್ಬ ಹಿರಿಯರು ಬಿಡಲಿಲ್ಲ. ಇವಳು ಹರಕೆ ಹೊತ್ತದ್ದು ಕನ್ನಡದಲ್ಲೋ ಎಂದು ಅತ್ತೆಯ ಮಾತನ್ನೇ ಅತ್ತೆಗೆ ತಿರುಗಿಸಿದರು. ಅತ್ತೆ ಕರ್ಪೂರದ ಡಬ್ಬಿಗೆ ಕೈ ಹಾಕಿದಳು. ಇವಳು ಎಂಟು ವರ್ಷದಿಂದ ಪಕ್ಕದಲ್ಲೇ ಇದ್ದಾಳಲ್ಲ, ಅಮ್ಮ ಇವಳ ಭಾಷೆ ಕಲಿತುಕೊಂಡಿರುತ್ತಾಳೆ ಎಂದು ಹೇಳಿ, ಮಾತು ಮುಗಿಯಿತೆಂಬಂತೆ ಕರ್ಪೂರ ಹಚ್ಚಿದಳು.

ನನಗೂ ಶಿಕ್ಷೆಯಾಯಿತು. ಅಮ್ಮನ ಮುಂದೆ ಕಳ್ಳ ಹೂ ಇಟ್ಟ ಕೈ ಈ ಸಲ ದೀಪ ಮುಟ್ಟಕೂಡದು. ಹಬ್ಬದ ದಿನ ನಾನು ಹೊರಬೇಕಿದ್ದ ದೀಪದ ತಟ್ಟೆಯನ್ನೇ ಅವಳ ತಲೆಯ ಮೇಲಿಟ್ಟರು. ನಾನು ರೇಷ್ಮೆ ಸೀರೆ ಉಟ್ಟು ಟೀ ಅಂಗಡಿಯ ಪಕ್ಕ, ನೋಡಲು ಬಂದ ಜನರ ನಡುವೆ ನಿಂತೆ. ಎಲ್ಲರನ್ನೂ ಸೇರಿಸಿಕೊಳ್ಳಬೇಕು ಎಂದು ಊರಿಗೆಲ್ಲ ಉಪದೇಶ ಮಾಡಿದವಳು ನಾನೇ, ಆದರೂ ಹೊಟ್ಟೆ ಉರಿಯಿತು. ಅವಳು ಕಣ್ಣು ಮುಚ್ಚಿ ಅಳುತ್ತಾ ದಾಟಿ ಹೋದಳು, ನನ್ನನ್ನು ನೋಡಲೂ ಇಲ್ಲ.

ಪಕ್ಕದಲ್ಲಿದ್ದ, ಅವಳದೇ ಕಂಪೆನಿಯ ಹುಡುಗಿಯೊಬ್ಬಳು ಹರಕು ಮುರುಕು ತಮಿಳಿನಲ್ಲಿ, ಅಕ್ಕಾ, ನೀವು ಈ ಕೋವಿಲಿನವರಲ್ಲವಾ ಎಂದು ಕೇಳಿದಳು.

ಈ ವರ್ಷ ಅಲ್ಲ ಎಂದೆ.