ಕೆಂಪು ದಾರದ ಬೋಗುಣಿ

ಕಾಕುವಿನ ಬಲಗೈ ಎಡಗೈಗಿಂತ ದಪ್ಪಗಿತ್ತು. ಬಲಗಡೆ ಭುಜದಿಂದ ಮಣಿಕಟ್ಟಿನವರೆಗೆ ಗಟ್ಟಿಮುಟ್ಟಾದ ಗಂಡಾಳಿನ ತೋಳು, ಎಡಗಡೆ ಸಾದಾ ಹೆಂಗಸಿನ ಕೈ. ಎರಡನ್ನೂ ಒಬ್ಬಳಿಗೇ ಯಾರು ಜೋಡಿಸಿದರೋ ಅನಿಸುತ್ತಿತ್ತು. ಮೇಜಿಗೆ ಬಿಗಿದಿದ್ದ ಸಣ್ಣ ಕಬ್ಬಿಣದ ಗಿರಣಿಯೊಂದರ ಹಿಡಿಕೆಯನ್ನು ವರ್ಷಗಟ್ಟಲೆ ಬಲಗೈಯಿಂದಲೇ ತಿರುಗಿಸಿ ಹುರಿದ ಶೇಂಗಾ ಅರೆದದ್ದರ ಫಲ ಅದು. ಖಾರದ ಮೆಣಸಿನಕಾಯಿ, ಶುಂಠಿ ಹಾಕಿ ಅರೆದ ಆ ಮುದ್ದೆಗೆ ಅವರ ಭಾಷೆಯಲ್ಲಿ ಮಾಂಬಾ ಅನ್ನುತ್ತಾರೆ. ಅದನ್ನು ರೊಟ್ಟಿಗೆ ಸವರಿ ಮಾರುವುದು ಆಕೆಯ ಧಂದೆ.

ಆಕೆ ಹೈಟಿ ದೇಶದವಳು. ನಾನು ಮೂಡಲಗಿ ತಾಲೂಕಿನ ಮಸಗುಪ್ಪಿಯವನು. ನಾವಿಬ್ಬರೂ ಭೇಟಿಯಾದದ್ದು ಇಬ್ಬರದ್ದೂ ಅಲ್ಲದ ಮೂರನೆಯ ದೇಶದಲ್ಲಿ, ಹೈಟಿಗೆ ಅಂಟಿಕೊಂಡೇ ಇರುವ ಡೊಮಿನಿಕನ್ ದೇಶದಲ್ಲಿ. ಇಬ್ಬರನ್ನೂ ಅಲ್ಲಿಗೆ ಎಳೆದು ತಂದದ್ದು ಕಬ್ಬು. ಸಕ್ಕರೆ ಕಾರ್ಖಾನೆಯಲ್ಲಿ ಪಾಕ ಕುದಿಸಿ ಹರಳು ಕಟ್ಟಿಸುವುದು ನನ್ನ ಕೆಲಸ. ಹುಕ್ಕೇರಿ ಕಡೆಯ ಕಾರ್ಖಾನೆಯೊಂದರಲ್ಲಿ ಹನ್ನೆರಡು ಹಂಗಾಮು ಕಳೆದವನಿಗೆ ಅಲ್ಲಿಂದ ಕರೆ ಬಂತು. ಊರಲ್ಲಿ ಎಲ್ಲರ ಮುಂದೆ ಎದೆ ಉಬ್ಬಿಸಿಕೊಂಡು ಹೊರಟೆ. ಹೋಗಿ ನೋಡಿದರೆ ಅಲ್ಲೂ ಅದೇ ಕಬ್ಬು, ಅದೇ ಹಿಂಡಿದ ಕಬ್ಬಿನ ಸಿಪ್ಪೆಯ, ಬಗಾಸಿನ ವಾಸನೆ. ಕಡಿಯುವವರು ಮಾತ್ರ ಗಡಿ ದಾಟಿ ಬಂದ ಹೈಟಿಯ ಜನ. ಕಾರ್ಖಾನೆಯ ಬೇಲಿಯಾಚೆ ಅವರ ತಗಡಿನ ಮನೆಗಳ ಸಾಲು, ಆ ಸಾಲಿನ ತುದಿಗೆ ನೀಲಿ ಬಣ್ಣ ಬಳಿದ ಕಾಕುವಿನ ಅಂಗಡಿ.

ನಮ್ಮದು ಜೈನರ ಮನೆ. ಮಾಂಸ, ಮೊಟ್ಟೆ ದೂರದ ಮಾತು. ಅವ್ವನ ಪ್ರಕಾರ ಉಳ್ಳಾಗಡ್ಡಿ, ಬಟಾಟಿಯೂ ಬೇಡ, ನೆಲದೊಳಗೆ ಬೆಳೆಯುವ ಯಾವುದೂ ಬೇಡ, ಹೊತ್ತು ಮುಳುಗಿದ ಮೇಲೆ ಊಟವೇ ಬೇಡ. ಅವಳು ಕಟ್ಟಿಕೊಟ್ಟ ಕಟಕರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಗೋಕಾಕದ ಕರದಂಟು ಇಪ್ಪತ್ತು ದಿನಕ್ಕೆ ಮುಗಿದವು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅನ್ನದೊಳಗೂ ಕೋಳಿ. ಬಾಳೆಹಣ್ಣು ತಿಂದು ತಿಂದು ಬಾಳೆಗೊನೆಯ ಮುಖ ಕಂಡರೆ ಸಿಟ್ಟು ಬರುವ ಸ್ಥಿತಿಗೆ ಬಂದೆ. ಒಂದು ದಿನ ಪಾಳಿ ಮುಗಿಸಿ ಬರುವಾಗ ಶೇಂಗಾ ಹುರಿಯುವ ವಾಸನೆ ಬಂತು. ಮೂಗು ಹಿಡಿದ ದಾರಿಯಲ್ಲಿ ಹೋದೆ, ನೀಲಿ ಅಂಗಡಿಯ ಹೊರಗೆ ಚಪ್ಪಲಿ ಬಿಟ್ಟು ನೆಟ್ಟಗೆ ಒಳಗೆ ನುಗ್ಗಿದೆ.

ಕಾಕು ಗಿರಣಿ ನಿಲ್ಲಿಸಿ, ಆ ದಪ್ಪ ಕೈ ಚಾಚಿ ಬಾಗಿಲು ತೋರಿಸಿದಳು. ಅವಳ ಮಾತನ್ನು ಈಗ ನಾನು ನೆನೆಯುವುದು ನಮ್ಮ ಕಡೆಯ ಮಾತಿನಲ್ಲೇ, ನನ್ನ ತಲೆಯಲ್ಲಿ ಅವಳು ಹಾಗೇ ಉಳಿದಿದ್ದಾಳೆ.

"ಹೊರಗ ನಡಿ. ಮತ್ತ ಬಾ. ಬಾಗಲದಾಗ ನಿಂತು 'ಒನೇ' ಅನ್ನು."

ನನಗೆ ಅವಮಾನವಾಯಿತು. ಆದರೆ ಹಸಿವು ಅವಮಾನಕ್ಕಿಂತ ದೊಡ್ಡದಿತ್ತು. ಹೊರಗೆ ಹೋಗಿ ನಿಂತು "ಒನೇ" ಅಂದೆ. ಒಳಗಿನಿಂದ "ರೆಸ್ಪೇ" ಎಂಬ ದನಿ ಬಂತು. ಆಮೇಲೆ ಬಾಯಿ ತುಂಬ ನಗು. ಒನೇ ಅಂದರೆ ಮಾನ, ರೆಸ್ಪೇ ಅಂದರೆ ಮರ್ಯಾದೆ. ಹೈಟಿಯ ಹಳ್ಳಿಗಳಲ್ಲಿ ಬಂದವನು ಅಂಗಳದಲ್ಲಿ ನಿಂತು ಮೊದಲನೆಯದನ್ನು ಕೂಗಬೇಕು, ಮನೆಯವರು ಎರಡನೆಯದನ್ನು ಹೇಳಬೇಕು. ಹೇಳಿದರೆ ಮನೆ ನಿನ್ನದೇ ಎಂದು ಅರ್ಥ.

"ಯಾರರ ಕೂಗಿದ್ರ ಒಳಗಿನವರು ಸುಮ್ಮನ ಕುಂದ್ರಂಗಿಲ್ಲ," ಅಂದಳು. "ವೈರಿ ಬಂದಿದ್ರೂ ರೆಸ್ಪೇ ಅನ್ನಬೇಕು."

ನಮ್ಮಲ್ಲಿ ಇದಕ್ಕೆ 'ಬರ್ರಿ' ಅನ್ನುತ್ತಾರೆ ಎಂದು ನಾನು ದೊಡ್ಡ ಪಂಡಿತನ ಹಾಗೆ ಹೇಳಿದೆ. ಬಾ ಅನ್ನುವುದು ಕರೆಯುವುದು, ಕೊನೆಯ ರಿ ಮರ್ಯಾದೆ. ಅವಳಿಗೆ ಅದು ಭಾರಿ ಹಿಡಿಸಿತು. "ಹಂಗಾದ್ರ ನಿಮ್ಮದು ಶಾಣ್ಯಾ ಮಾತು. ಕರಿಯೂದೂ ಮರ್ಯಾದಿನೂ ಒಂದರಾಗ ಮುಗಿಸ್ತೀರಿ." ಅಂದಿನಿಂದ ನಾನು ಹೊರಗೆ ನಿಂತು ಒನೇ ಅಂದರೆ ಅವಳು ಒಳಗಿನಿಂದ "ಬರ್ರಿ" ಅನ್ನುತ್ತಿದ್ದಳು. ರಕಾರವನ್ನು ಗಂಟಲಲ್ಲಿ ಉರುಳಿಸುವ ಆ ಬರ್ರಿ ಕೇಳಿ ನಾನು ಹತ್ತು ಸಲ ನಕ್ಕಿದ್ದೇನೆ, ಹತ್ತು ಸಲ ಕಣ್ಣೊರೆಸಿಕೊಂಡಿದ್ದೇನೆ.

ನಾನು ಅವಳನ್ನು ಕಾಕು ಎಂದು ಕರೆಯತೊಡಗಿದ್ದು ಹೀಗೇ, ನಮ್ಮ ಕಡೆ ಕಂಡ ಹಿರಿಯ ಹೆಂಗಸರನ್ನೆಲ್ಲ ಕರೆಯುವ ಹಾಗೆ. ಅದೇ ತನ್ನ ಹೆಸರೆಂಬಂತೆ ಓಗೊಟ್ಟಳು. ನನ್ನ ಊಟದ ಕಟ್ಟಳೆ ಕೇಳಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಶುಂಠಿ ಯಾಕ ಬ್ಯಾಡ?"

"ನೆಲದಾಗ ಬೆಳಿತೈತಿ. ಕಿತ್ತರ ಜೀವ ಸಾಯ್ತಾವು."

"ಮತ್ತ ಶೇಂಗಾ ಎಲ್ಲಿ ಬೆಳಿತೈತಿ? ಗಿಡದ ತುದಿಗೆ ಜೋತಾಡ್ತೈತೇನು?"

ನಾನು ತಲೆ ತಗ್ಗಿಸಿ ಶೇಂಗಾ ತಿನ್ನುವುದು ಮುಂದುವರಿಸಿದೆ. ಆದರೂ ಅವಳು ನನಗೆಂದೇ ಒಂದು ಅಲ್ಯೂಮಿನಿಯಂ ಬೋಗುಣಿ ಬೇರೆ ತೆಗೆದಿಟ್ಟಳು. ಮಾಂಸದ ಪಾತ್ರೆಗಳೊಂದಿಗೆ ಕಲೆಯಬಾರದೆಂದು ಅದರ ಕಿವಿಗೆ ಕೆಂಪು ದಾರ ಕಟ್ಟಿದಳು. ಅದನ್ನು ಬೇರೆಯವರು ಮುಟ್ಟಿದರೆ ಸೌಟಿನಿಂದ ಕೈಗೆ ಬಡಿಯುತ್ತಿದ್ದಳು. ಗೋವಿನಜೋಳದ ನುಚ್ಚು, ಅವರೆಯಂಥದೇ ಒಂದು ಕಾಳು, ಶುಂಠಿ ಇಲ್ಲದ ಮಾಂಬಾ ನನಗೆ. ಸಂಜೆ ಸೂರ್ಯ ಕಾರ್ಖಾನೆಯ ಚಿಮಣಿಗಿಂತ ಕೆಳಗಿಳಿದರೆ ಸಾಕು, ಅಂಗಡಿಯಿಂದಲೇ ಕೂಗುತ್ತಿದ್ದಳು: "ಏ ಶೇಂಗಾ ಮನಶ್ಯಾ, ಹೊತ್ತು ಹೊಂಟತಿ, ಉಣ್ಣು ಬಾ!" ನನ್ನ ಧರ್ಮವನ್ನು ನನಗಿಂತ ಚೆನ್ನಾಗಿ ಅವಳೇ ಪಾಲಿಸಿದಳು. ನನಗೆ ಜೋಡುಪಾಳಿ ಇದ್ದ ದಿನ ಬೋಗುಣಿಯನ್ನು ನನ್ನ ವಸತಿಗೇ ತಂದು ಕೊಡುತ್ತಿದ್ದಳು. ಬಾಗಿಲ ಹೊರಗೆ ಚಪ್ಪಲಿ ಬಿಡುವ ನನ್ನ ಚಾಳಿ ಅವಳಿಗೆ ತಮಾಷೆ. "ಇಡೀ ಕಾಲೊನಿಯೊಳಗ ಹೊರಗ ಚಪ್ಪಲಿ ಬಿಡಾಂವ ನೀ ಒಬ್ಬನ. ಕಳ್ಳರಿಗೆ ನೈವೇದ್ಯ ಇಟ್ಟಂಗ ಇಡ್ತಿ," ಅನ್ನುತ್ತಿದ್ದಳು.

ಅಂಗಡಿ ಅಂದರೆ ಬರೀ ಅಂಗಡಿಯಲ್ಲ ಅದು. ಹೊಸದಾಗಿ ಗಡಿ ದಾಟಿ ಬಂದವನು ಮೊದಲು ಬರುವುದು ಅಲ್ಲಿಗೆ. ಯಾವ ಊರಿನವನು, ಯಾರ ಪೈಕಿ ಎಂದು ಕೇಳಿ, ಅದೇ ಊರಿನವರ ಗುಡಿಸಲಿಗೆ ಕಳಿಸುತ್ತಿದ್ದಳು. ಗಡಿಯಾಚೆಯ ಊರುಗಳ ಹೆರಿಗೆ, ಸಾವು, ಮುನಿಸು ಎಲ್ಲ ಸುದ್ದಿ ಲಾರಿ ಚಾಲಕರ ಬಾಯಿಂದ ಬಂದು ಅವಳ ಬಾಯಿಂದ ಹಂಚಿಕೆಯಾಗುತ್ತಿತ್ತು. ಹೊಸ ವರ್ಷದ ಮೊದಲ ದಿನ ಅಂಗಡಿ ಮುಂದೆ ಹಂಡೆಗಟ್ಟಲೆ ಕುಂಬಳಕಾಯಿ ಸಾರು. ಅವರ ದೇಶ ಸ್ವತಂತ್ರವಾದ ದಿನ ಅದು. ಗುಲಾಮರಾಗಿದ್ದಾಗ ಆ ಸಾರನ್ನು ಕುದಿಸುವವರು ಇವರು, ಕುಡಿಯುವವರು ಧಣಿಗಳು. ಇವರು ಬಾಯಿಗೆ ಹಾಕುವಂತಿರಲಿಲ್ಲ. "ಅದಕ್ಕ ಇವತ್ತ ಯಾರಿಗೂ ಇಲ್ಲ ಅನ್ನಂಗಿಲ್ಲ," ಅಂದಳು ಕಾಕು. ಕೆಂಪು ದಾರದ ಬೋಗುಣಿಯಲ್ಲಿ ನನ್ನದು ಮಾಂಸವಿಲ್ಲದ್ದು ಬೇರೆ ಕುದಿಯುತ್ತಿತ್ತು.

ಅವತ್ತೇ ಕೇಳಿದಳು, "ನಿಮ್ಮೂರಾಗ ಕಬ್ಬು ಕಡಿಯವರು ಯಾರು?"

ಮಹಾರಾಷ್ಟ್ರದಿಂದ ಗ್ಯಾಂಗಿನವರು ಬರುತ್ತಾರೆ, ನಮ್ಮ ಹೊಲದ ಬದುವಿಗೆ ಜೋಪಡಿ ಹಾಕುತ್ತಾರೆ ಎಂದೆ.

"ಅವರು ನಿಮ್ಮ ಬಾಗಲಕ್ಕ ಬಂದ್ರ ಬರ್ರಿ ಅಂತೀರಿ?"

ನಾನು ನಕ್ಕು ಮಾತು ತೇಲಿಸಿದೆ. ಅವರು ನೀರು ಕೇಳಲು ಬಂದರೆ ಅವ್ವ ಹೊರಗೇ ನಿಲ್ಲಿಸಿ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದಳು. ಆ ಜೋಪಡಿಗಳಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿರಲಿಲ್ಲ. ಕಾಕು ನನ್ನ ಮುಖ ನೋಡಿ ಇನ್ನೊಂದು ಸೌಟು ಸಾರು ಹಾಕಿದಳು.

ಅದಾಗಿ ಎರಡು ತಿಂಗಳಾಗಿರಬೇಕು. ಕಾಗದಪತ್ರ ಇಲ್ಲದ ಹೈಟಿಯವರನ್ನು ಲಾರಿಗಳಲ್ಲಿ ತುಂಬಿ ಗಡಿಯಾಚೆ ಬಿಡುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಕಾಕು ಆ ನೆಲಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು, ಆದರೂ ಕೈಯಲ್ಲಿ ಕಾಗದವಿರಲಿಲ್ಲ. ಕಾರ್ಖಾನೆಯ ದೊಡ್ಡವರು ನಮ್ಮಂಥ ಪರದೇಶದ ನೌಕರರನ್ನು ಕರೆದು ಎಚ್ಚರಿಸಿದರು: ವಸತಿಯಲ್ಲಿ ಹೊರಗಿನವರು ಸಿಕ್ಕರೆ ನಿಮ್ಮನ್ನೂ ಊರಿಗೆ ಕಳಿಸುತ್ತೇವೆ. ಮುಂದಿನ ಹಂಗಾಮಿಗೆ ನನ್ನನ್ನು ಮುಖ್ಯಸ್ಥನನ್ನಾಗಿ ಮಾಡುವ ಮಾತೂ ಅದೇ ವಾರ ನಡೆದಿತ್ತು. ಊರಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟಿದ್ದೆ.

ಒಂದು ದಿನ ಮಧ್ಯಾಹ್ನ ಮೂರರ ಸುಮಾರು. ನಾನು ವಸತಿಯಲ್ಲಿ ಒಬ್ಬನೇ ಉಣ್ಣುತ್ತ ಕೂತಿದ್ದೆ. ಬೆಳಿಗ್ಗೆ ಕಾಕುವೇ ತಂದುಕೊಟ್ಟಿದ್ದ ಬೋಗುಣಿ ಮುಂದಿತ್ತು. ಹೊರಗೆ ಲಾರಿಗಳ ಸಪ್ಪಳ, ಓಡುವ ಹೆಜ್ಜೆಗಳು, ಹೆಂಗಸರ ಕೂಗು. ನಾನೆದ್ದು ಬಾಗಿಲ ಚಿಲಕ ಹಾಕಿದೆ. ಚಿಲಕ ಹಾಕಿದ ಕೈ ಅದರ ಮೇಲೇ ಇರುವಾಗ ಹೊರಗೆ ಮೆಟ್ಟಿಲ ಮೇಲೆ ಏದುಸಿರು ಕೇಳಿತು.

"ಒನೇ."

ನಾನು ಸುಮ್ಮನೆ ನಿಂತೆ.

"ಒನೇ." ದನಿ ಗಟ್ಟಿ ಮಾಡಲಿಲ್ಲ. ಬಾಗಿಲೂ ಬಡಿಯಲಿಲ್ಲ. ಅಂಥ ಹೊತ್ತಿನಲ್ಲೂ ಕರೆಯದೆ ಒಳಗೆ ಬರುವ ಹೆಂಗಸಲ್ಲ ಅವಳು. ನಮ್ಮಿಬ್ಬರ ನಡುವೆ ಒಂದು ಹಲಗೆ. ಚಿಲಕ ಸರಿಸಲು ಎರಡು ಬೆರಳು ಸಾಕಿತ್ತು. ನನ್ನ ಬಾಯಲ್ಲಿ ಅವಳು ಮಾಡಿದ ನುಚ್ಚಿತ್ತು, ಅದನ್ನು ನುಂಗಿದರೆ ಸಪ್ಪಳವಾದೀತೆಂದು ಹಾಗೇ ಇಟ್ಟುಕೊಂಡಿದ್ದೆ.

ಮೂರನೆಯ ಸಲ ಅವಳು ಒನೇ ಅನ್ನಲಿಲ್ಲ. ಮರೆತ ಮಗುವಿಗೆ ಪಾಠ ನೆನಪಿಸುವವಳ ಹಾಗೆ ಮೆಲ್ಲಗೆ, "ಬರ್ರಿ," ಅಂದಳು. ಒಳಗಿನವನು ಅನ್ನಬೇಕಾದ ಮಾತನ್ನು ಹೊರಗೆ ನಿಂತವಳು ಹೇಳಿಕೊಟ್ಟಳು.

ನಾನು ಅನ್ನಲಿಲ್ಲ. ಬೂಟುಗಳ ಸಪ್ಪಳ ಹತ್ತಿರವಾಯಿತು. ಯಾರೋ ಏನೋ ಗದರಿದರು. ಅವಳು ಮೆಟ್ಟಿಲಿಳಿದು ಹೋದದ್ದು ಕೇಳಿಸಿತು. ಓಡಿದ ಹೆಜ್ಜೆಯಲ್ಲ, ನಡೆದ ಹೆಜ್ಜೆ. ಕಾಲಡಿ ಹುಳ ಸತ್ತೀತೆಂದು ನೋಡಿ ನಡೆಯಬೇಕೆಂದು ಕಲಿಸಿದ ಮನೆಯಿಂದ ಬಂದವನು ನಾನು. ಒಂದು ಬಾಗಿಲು ತೆರೆಯಲಿಲ್ಲ.

ಮುಂದಿನ ಹಂಗಾಮಿಗೆ ನಾನು ಮುಖ್ಯಸ್ಥನಾದೆ. ಗಡಿಯಾಚೆ ತಳ್ಳಿಸಿಕೊಂಡು ಮತ್ತೆ ದಾಟಿ ಬಂದ ಕಬ್ಬು ಕಡಿಯುವವನೊಬ್ಬ ಕಾಕುವಿನ ಸುದ್ದಿ ತಂದ. ಗಡಿಯ ಪೇಟೆಯಲ್ಲಿ ಹೊಸ ಗಿರಣಿ ಇಟ್ಟುಕೊಂಡು ಮಾಂಬಾ ಮಾರುತ್ತಿದ್ದಾಳಂತೆ. ಅವನ ಕೈಯಲ್ಲಿ ನನಗೊಂದು ಮಾತು ಕಳಿಸಿದ್ದಳು: "ಶೇಂಗಾ ಮನಶ್ಯಾ ಈಗ ಎಲ್ಲಿ ಉಣ್ತಾನ? ಹೊತ್ತು ಮುಳುಗೂದರೊಳಗ ಉಣ್ತಾನಿಲ್ಲೋ, ಕೇಳಿ ಬಾ." ಅದನ್ನು ಕೇಳಿ ನನಗೆ, ಹೇಳಲು ನಾಚಿಕೆ, ಸಮಾಧಾನವಾಯಿತು. ಇಷ್ಟು ಪ್ರೀತಿಯಿಂದ ಕೇಳಿದ್ದಾಳೆಂದರೆ ಅವತ್ತು ನಾನು ಒಳಗಿದ್ದದ್ದು ಅವಳಿಗೆ ತಿಳಿದಿಲ್ಲ, ಮನೆಯಲ್ಲಿ ಯಾರೂ ಇಲ್ಲವೆಂದುಕೊಂಡೇ ಹೋಗಿದ್ದಾಳೆ ಎಂದು ಲೆಕ್ಕ ಹಾಕಿದೆ. ಆ ಲೆಕ್ಕವನ್ನು ಅಪ್ಪಿಕೊಂಡೇ ಊರಿಗೆ ಬಂದೆ, ಬೋಗುಣಿಯನ್ನೂ ತಂದೆ. ಯಾರದೆಂದು ಅವ್ವ ಕೇಳಿದಾಗ ಅಲ್ಲಿ ಕೊಂಡದ್ದು ಎಂದು ಸುಳ್ಳು ಹೇಳಿದೆ. ಒಂಬತ್ತು ವರ್ಷ ಅದು ಅಡುಗೆಮನೆಯ ಗೂಡಿನಲ್ಲಿ ಖಾಲಿ ಕೂತಿತ್ತು.

ಈ ವರ್ಷದ ಹಂಗಾಮಿಗೂ ನಮ್ಮ ಬದುವಿಗೆ ಗ್ಯಾಂಗಿನವರ ಜೋಪಡಿ ಬಿದ್ದವು. ಮೊನ್ನೆ ನಾನು ಮೂಡಲಗಿ ಪೇಟೆಗೆ ಹೋಗಿ ಮನೆಗೆ ಬಂದರೆ ಗೂಡು ಬರಿದಾಗಿತ್ತು. ಜ್ವರ ಬಂದ ಕೂಸಿಗೆಂದು ಮಜ್ಜಿಗೆ ಕೇಳಲು ಗ್ಯಾಂಗಿನ ಹೆಂಗಸೊಬ್ಬಳು ಬಂದಿದ್ದಳಂತೆ, ಅವ್ವ ಆ ಬೋಗುಣಿಯಲ್ಲೇ ಹಾಕಿ ಕೊಟ್ಟಿದ್ದಳು. ವಯಸ್ಸಾದಂತೆ ಅವ್ವನ ಬೊಗಸೆ ನೀರಿನ ಕಟ್ಟಳೆ ಹೇಗೋ ಬಿಟ್ಟುಹೋಗಿತ್ತು. ನಾನು ಕೂಗಾಡಿದೆ. ಎಂಬತ್ತು ದಾಟಿದ ಮುದುಕಿಯ ಮೇಲೆ ಒಂದು ಅಲ್ಯೂಮಿನಿಯಂ ಪಾತ್ರೆಗಾಗಿ ಮನೆ ಹಾರಿಹೋಗುವಂತೆ ಕೂಗಾಡಿದೆ.

ಸ್ವಲ್ಪ ಹೊತ್ತಿಗೆ ಆ ಹೆಂಗಸು ಬೋಗುಣಿ ತೊಳೆದು, ಬರಿದಾಗಿ ಕೊಡಬಾರದೆಂದು ಭಾಕರಿ ಎನ್ನುವ ಎರಡು ಸಜ್ಜೆ ರೊಟ್ಟಿ ಇಟ್ಟು ತಂದಳು. ಅವ್ವ ಅವಳಿಗೆ "ಬರ್ರಿ" ಅಂದಳು. ಅವಳು ಹೋದ ಮೇಲೆ ಅವ್ವನ ಮುಂದೆ ಕೂತು ಎಲ್ಲ ಹೇಳಿದೆ. ಗಿರಣಿ, ದಪ್ಪ ಕೈ, ಕುಂಬಳಕಾಯಿ ಸಾರು, ಮೂರು ಸಲ ಕೂಗಿದ್ದು, ನಾನು ಸುಮ್ಮನೆ ನಿಂತದ್ದು. ಕೊನೆಗೆ ನನ್ನ ಲೆಕ್ಕವನ್ನೂ ಹೇಳಿದೆ: "ಪುಣ್ಯಾ, ನಾ ಒಳಗಿದ್ದದ್ದು ಆಕಿಗೆ ಗೊತ್ತಾಗಿಲ್ಲವ್ವ."

ಅವ್ವ ಬೋಗುಣಿಯ ಕೆಂಪು ದಾರವನ್ನು ಬೆರಳಿಂದ ಸವರುತ್ತಿದ್ದವಳು ತಲೆ ಎತ್ತಿದಳು.

"ಅವತ್ತ ಚಪ್ಪಲಿ ಎಲ್ಲಿ ಬಿಟ್ಟಿದ್ದಿ?"

ನಾನು ಹೊಸ್ತಿಲಾಚೆ ಬಿಟ್ಟಿದ್ದ ನನ್ನ ಚಪ್ಪಲಿ ನೋಡಿದೆ.

"ಹೊರಗ," ಅಂದೆ.

ಅವ್ವ ಹೊರಗೆ ನೋಡಿದಳು, ಹೊತ್ತು ಇಳಿಯುತ್ತಿತ್ತು. ಗ್ಯಾಂಗಿನವಳ ಭಾಕರಿಯನ್ನು ಮುರಿದು, ಶೇಂಗಾ ಹಿಂಡಿ ಹಚ್ಚಿ, ಬೋಗುಣಿಯಲ್ಲೇ ಇಟ್ಟು ನನ್ನ ಮುಂದೆ ಸರಿಸಿದಳು. ಕಾಕು ನನ್ನ ಚಪ್ಪಲಿ ನೋಡಿಕೊಂಡೇ ಮೆಟ್ಟಿಲಿಳಿದಿದ್ದಳು. ನೋಡಿದ ಮೇಲೂ ಕೇಳಿ ಕಳಿಸಿದ್ದಳು, ಹೊತ್ತು ಮುಳುಗುವುದರೊಳಗೆ ನಾನು ಉಣ್ಣುತ್ತೇನೋ ಇಲ್ಲವೋ ಎಂದು.