ಗೊಣಗಮ್ಮನ ಡಾಕ್ಟರಮ್ಮ

ಬಾಹ್ಯಾಕಾಶ ವೈದ್ಯಕೀಯದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೇಲೆ ಹೋದವರನ್ನು ಕುರಿತು ಬರೆಯುತ್ತಾರೆ. ಹೋದವರು ಕೆಳಗಿಳಿದ ಮೇಲೆ ಅವರನ್ನು ಮತ್ತೆ ನೆಲದ ಮೇಲೆ ನಡೆಯುವಂತೆ ಮಾಡಿದವರನ್ನು ಕುರಿತು ಬರೆಯುವವರು ಕಡಿಮೆ. ನಮ್ಮ ಸಂಸ್ಥೆಯ ಪ್ರಾಣಿ ವಿಭಾಗದ ಮುಖ್ಯಸ್ಥೆಯಾಗಿ ಈ ತಿಂಗಳು ನಿವೃತ್ತರಾಗುತ್ತಿರುವ, ನಾವೆಲ್ಲರೂ ಪ್ರೀತಿಯಿಂದಲೂ ಒಂದಿಷ್ಟು ಅಂಜಿಕೆಯಿಂದಲೂ ‘ಡಾಕ್ಟರಮ್ಮ’ ಎಂದು ಕರೆಯುವ ಪಶುವೈದ್ಯೆ ಈ ಎರಡನೆಯ ಸಾಲಿನಲ್ಲಿ ಮೊದಲಿಗರು. ತೂಕವಿಲ್ಲದ ಸ್ಥಿತಿಯಲ್ಲಿ ಸವೆದ ಮೂಳೆ ಮರಳಿ ಹೇಗೆ ಬಲಗೊಳ್ಳುತ್ತದೆ ಎಂಬುದರ ಬಗ್ಗೆ ನಮಗೆ ಇಂದು ತಿಳಿದಿರುವುದರ ಬಹುಪಾಲು ಅವರಿಂದ ಬಂದದ್ದು. ಅವರನ್ನೇ ಕೇಳಿದರೆ, ಒಂದು ಮುಂಗೋಪಿ ಹೆಣ್ಣು ಕೋತಿಯಿಂದ ಬಂದದ್ದು ಎನ್ನುತ್ತಾರೆ. ಈ ಅಭಿನಂದನ ಸಂಪುಟದ ಸಂಪಾದಕರು ಗಾಂಭೀರ್ಯ ಕೆಡದಂತೆ ಬರೆಯಬೇಕೆಂದು ನನಗೆ ಮಾತ್ರ ಪ್ರತ್ಯೇಕವಾಗಿ ಸೂಚಿಸಿದ್ದಾರೆ. ಕೋತಿಯನ್ನು ಬಿಟ್ಟು ಡಾಕ್ಟರಮ್ಮನವರ ಬಗ್ಗೆ ಬರೆಯುವುದು ನನ್ನಿಂದಾಗದ ಕೆಲಸವಾದ್ದರಿಂದ, ಸಂಪಾದಕರ ಮಾತನ್ನು ಎಷ್ಟರ ಮಟ್ಟಿಗೆ ಉಳಿಸಿಕೊಳ್ಳುತ್ತೇನೋ ಹೇಳಲಾರೆ.

ನಾನು ಸಂಸ್ಥೆಗೆ ಸೇರಿದ್ದು ಪ್ರಾಣಿಗಳನ್ನು ಕಕ್ಷೆಗೆ ಒಯ್ಯುವ ಕ್ಯಾಬಿನ್ ಕಟ್ಟುವ ಎಂಜಿನಿಯರಾಗಿ. ಪ್ರಾಣಿ ವಿಭಾಗ ಉದ್ದನೆಯ ಓಣಿಯ ಕೊನೆಯಲ್ಲಿತ್ತು. ಫಿನಾಯಿಲ್ ಮತ್ತು ಒದ್ದೆ ಹುಲ್ಲಿನ ವಾಸನೆ ಹಿಡಿದು ನಡೆದರೆ ದಾರಿ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಸೇರಿದ ವಾರದಲ್ಲೇ, ಮಾಸಿದ ನೀಲಿ ಕೋಟಿನ ಹೆಂಗಸೊಬ್ಬರು ನನ್ನ ಕೋಣೆಗೆ ಬಂದು, ಕ್ಯಾಬಿನ್ನಿಗೆಂದು ನಾನು ಜೋಡಿಸಿಟ್ಟಿದ್ದ ಫ್ಯಾನನ್ನು ಕಂಕುಳಲ್ಲಿಟ್ಟುಕೊಂಡು ಹೊರಟೇಬಿಟ್ಟರು. ನಾನು ಹಿಂದೆಯೇ ಓಡಿದೆ. “ಇದರ ಸದ್ದು ಅವಳಿಗೆ ಅಭ್ಯಾಸ ಆಗ್ಬೇಕಪ್ಪ. ಈಗಿಂದ್ಲೇ ಕೋಣೇಲಿ ಹಾಕಿಟ್ಟಿರ್ತೀನಿ. ನೀವು ಇನ್ನೊಂದು ಮಾಡ್ಕೊಳ್ಳಿ,” ಎಂದರು. ಯಾರಿಗೆ ಎಂದು ಕೇಳುವಷ್ಟರಲ್ಲಿ ಪಂಜರದೊಳಗಿಂದ ಬಂದ ಗೊಣಗಾಟವೇ ಉತ್ತರ ಕೊಟ್ಟಿತು.

ಕಾಗದಪತ್ರಗಳಲ್ಲಿ ಆ ಕೋತಿಗೊಂದು ಅಕ್ಷರವೂ ಒಂದು ಸಂಖ್ಯೆಯೂ ಇದ್ದವು. ನಮ್ಮೆಲ್ಲರ ಬಾಯಲ್ಲಿ ಮಾತ್ರ ಅದು ಗೊಣಗಮ್ಮ. ತಿಂಡಿ ತಡವಾದರೆ ಗೊಣಗುವುದು, ಬೇಗ ಬಂದರೆ ಯಾಕಿಷ್ಟು ಬೇಗ ಎಂಬಂತೆ ಗೊಣಗುವುದು. ಡಾಕ್ಟರಮ್ಮ ಯಾವತ್ತೂ ‘ಅವಳು’ ಎಂದೇ ಹೇಳುತ್ತಿದ್ದರು. ಈ ಲೇಖನವನ್ನು ಅವರು ಕನ್ನಡಕ ಏರಿಸಿಕೊಂಡು ಓದುವುದು ಖಂಡಿತವಾದ್ದರಿಂದ ನಾನೂ ಇನ್ನು ಮುಂದೆ ಹಾಗೇ ಬರೆಯುತ್ತೇನೆ.

ಇಷ್ಟು ಕೇಳಿ ಡಾಕ್ಟರಮ್ಮನವರನ್ನು ಮೆತ್ತನೆಯ ಮನಸ್ಸಿನವರೆಂದು ಯಾರೂ ಭಾವಿಸಬಾರದು. ಗೊಣಗಮ್ಮನಿಗೂ ಮೊದಲಿನ ವರ್ಷಗಳಲ್ಲಿ ಕಕ್ಷೆಗೆ ಹೋಗಿಬಂದ ಇಲಿಗಳ ಮೂಳೆಯನ್ನೂ ಸ್ನಾಯುವನ್ನೂ ಪರೀಕ್ಷಿಸಲು ಅವುಗಳ ಜೀವ ತೆಗೆಯಲೇಬೇಕಿತ್ತು; ಆ ಕೆಲಸವನ್ನು ಅವರು ಇನ್ನೊಬ್ಬರಿಗೆ ಬಿಟ್ಟುಕೊಟ್ಟವರಲ್ಲ. “ಸಾಕಿದ್ದು ನಾನು, ನಾನೇ ಮಾಡ್ಬೇಕು,” ಎನ್ನುತ್ತಿದ್ದರು. ಅಂಥ ದಿನಗಳಲ್ಲಿ ಅವರ ಊಟದ ಡಬ್ಬಿ ತೆರೆಯದೆ ಮನೆಗೆ ಮರಳುತ್ತಿತ್ತು. ಈ ವಿಷಯ ನನಗೆ ತಿಳಿದದ್ದು ಅವರ ಯಜಮಾನರಿಂದ. ಡಬ್ಬಿ ಹಾಗೇ ಬಂದ ದಿನ ತಾನು ಏನನ್ನೂ ಕೇಳಲು ಹೋಗುವುದಿಲ್ಲ ಎಂದು ಅವರು ಒಮ್ಮೆ ಹೇಳಿದ್ದರು.

ಗೊಣಗಮ್ಮ ಕಕ್ಷೆಗೆ ಹೋದಳು, ಬಂದಳು. ಹೋಗುವಾಗ ಅವಳನ್ನು ಆಸನದಲ್ಲಿ ಕೂರಿಸಿದ ಕೈಯೇ ಬಂದಾಗ ಕ್ಯಾಬಿನ್ನಿನ ಮುಚ್ಚಳ ತೆಗೆಯಬೇಕೆಂಬುದು ಡಾಕ್ಟರಮ್ಮನವರ ನಿಯಮ. ಅದಕ್ಕಾಗಿ ಅವರು ಇಳಿದಾಣದ ಬಯಲಿಗೆ ಮೊದಲೇ ಹೋಗಿ ಕಾದಿದ್ದರು. ಆದರೆ ನಾವು ಬುದ್ಧಿವಂತರು ಸೇರಿ ಒಂದು ತಪ್ಪು ಮಾಡಿದ್ದೆವು. ಅದುರುವಿಕೆ, ಸದ್ದು, ಇಕ್ಕಟ್ಟು, ಎಲ್ಲಕ್ಕೂ ಅವಳನ್ನು ತಿಂಗಳುಗಟ್ಟಲೆ ತಯಾರು ಮಾಡಿದ್ದೆವು. ಮರಳಿದಾಗ ಎದುರಿಗೆ ನಿಲ್ಲುವವರು ತಲೆಯಿಂದ ಕಾಲಿನವರೆಗೆ ಬಿಳಿ ಉಡುಪಿನಲ್ಲಿರುತ್ತಾರೆಂಬುದನ್ನು ಮಾತ್ರ ಅವಳಿಗೆ ಯಾರೂ ತೋರಿಸಿರಲಿಲ್ಲ. ಮುಚ್ಚಳ ತೆರೆದಾಗ ಅವಳು ಕಂಡದ್ದು ಮುಖವಿಲ್ಲದ ಬಿಳಿ ಜನರ ಗುಂಪನ್ನು. ಡಾಕ್ಟರಮ್ಮ ಮುಖದ ಕವಚ ಕಿತ್ತೆಸೆದು ಕೈ ಚಾಚುವ ಹೊತ್ತಿಗೆ ಕಾಲ ಮಿಂಚಿತ್ತು. ಗೊಣಗಮ್ಮ ಆ ಕೈಯನ್ನೇ ಕಚ್ಚಿದಳು, ಆಮೇಲೆ ಕೋಣೆಗೆ ಬಂದರೂ ಯಾರನ್ನೂ ಹತ್ತಿರ ಸೇರಿಸಲಿಲ್ಲ. ಹಣ್ಣಿನ ಚೂರನ್ನು ಗಾಳಿಯಲ್ಲಿ ಬಿಟ್ಟು, ಅದು ತೇಲದೆ ಕೆಳಗೆ ಬಿದ್ದಾಗ, ಯಾರೋ ಮೋಸ ಮಾಡಿದರೆಂಬಂತೆ ಗೊಣಗುತ್ತಿದ್ದಳು.

ಅವಳ ಮುಂದಿನ ಗತಿ ಸಂಸ್ಥೆಯ ಸಭೆಯಲ್ಲಿ ಮೊದಲೇ ನಿರ್ಧಾರವಾಗಿತ್ತು: ಇಲಿಗಳಿಗೆ ಆದದ್ದೇ ಅವಳಿಗೂ. ಡಾಕ್ಟರಮ್ಮ ನಿರ್ದೇಶಕರ ಬಳಿ ಹೋಗಿ, ಸಭೆ ಮತ್ತೊಮ್ಮೆ ಸೇರಬೇಕೆಂದು ಪಟ್ಟು ಹಿಡಿದರು. ಸಭೆಯಲ್ಲಿ ನಾನೂ ಇದ್ದೆ. ಅವಳ ಮೂಳೆಯನ್ನು ಪರೀಕ್ಷಿಸಬೇಕಿದ್ದ ನಮ್ಮ ಮೂಳೆ ತಜ್ಞರು ಕೆಟ್ಟವರಲ್ಲ, ಅವರ ವಾದವೂ ಹಗುರವಾದದ್ದಲ್ಲ. ಮುಂದಿನ ಸಲ ಹೋಗುವುದು ಮನುಷ್ಯ, ಅವನ ಬೆನ್ನುಮೂಳೆ ಏನಾಗುತ್ತದೆಂದು ಕೋತಿಯ ಮೂಳೆಯನ್ನು ತೆಗೆದು ನೋಡದೆ ಬರೀ ಊಹೆಯ ಮೇಲೆ ಹೇಳಲು ತಾನು ಸಿದ್ಧನಿಲ್ಲ ಎಂದರು. ಡಾಕ್ಟರಮ್ಮ ಅವರಿಗೆ ಎದುರಾಡಲಿಲ್ಲ. ಮೇಜಿನ ತುದಿಯಲ್ಲಿ ಸುಮ್ಮನೆ ಕುಳಿತಿದ್ದ ಗಗನಯಾತ್ರಿಯ ಕಡೆ ತಿರುಗಿದರು.

“ಹೋಗೋರು ನೀವು. ನಿಮಗೇನು ಗೊತ್ತಾಗ್ಬೇಕು, ಹೇಳಿ.”

ಆತ ಹೇಳಿದರು: “ಮೂಳೆ ಎಷ್ಟು ಹೋಗತ್ತೆ ಅನ್ನೋದು ಇಲಿಗಳಿಂದ ಒಂದಷ್ಟು ಗೊತ್ತಾಗಿದೆ ಮೇಡಂ. ಹೋಗಿದ್ದು ವಾಪಸ್ ಬರತ್ತಾ? ನನಗೆ ಚಿಕ್ಕ ಮಗಳಿದ್ದಾಳೆ. ಎತ್ಕೊಬೋದಾ ಅನ್ನೋದು ಗೊತ್ತಾದ್ರೆ ಸಾಕು.”

“ಸತ್ತ ಕೋತಿ ಅದನ್ನ ಹೇಳಲ್ಲ,” ಎಂದರು ಡಾಕ್ಟರಮ್ಮ.

 ಮೂಳೆ ತಜ್ಞರು ಕೊನೆಗೆ ಒಪ್ಪಿದರು, ಆದರೆ ಒಂದು ಷರತ್ತಿನ ಮೇಲೆ. ಮೂಳೆ ಬಲಗೊಳ್ಳುವುದನ್ನು ಅಳೆಯಬೇಕಾದರೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಬೇಕು. ಸೊರಗಿದ ಪ್ರಾಣಿಗೆ ಪ್ರತಿಸಲವೂ ಅರಿವಳಿಕೆ ಕೊಡುವಂತಿಲ್ಲ. ಆದ್ದರಿಂದ ಅವಳು ಎಚ್ಚರವಿದ್ದು, ಅಲುಗಾಡದೆ, ಯಂತ್ರದ ಮೇಜಿನ ಮೇಲೆ ಮಲಗಬೇಕು. ತಿಂಗಳೊಳಗೆ ಅದು ಆಗದಿದ್ದರೆ ಹಳೆಯ ನಿರ್ಧಾರವೇ ಖಾಯಂ. ಮನುಷ್ಯರನ್ನೇ ಹತ್ತಿರ ಸೇರಿಸದಿದ್ದ ಗೊಣಗಮ್ಮನಿಂದ ಅದು ಆಗುವ ಮಾತೆಂದು ನನಗನಿಸಲಿಲ್ಲ. ಡಾಕ್ಟರಮ್ಮ ಬ್ಯಾಂಡೇಜು ಸುತ್ತಿದ ಕೈಯಲ್ಲೇ ಕಾಗದಕ್ಕೆ ಸಹಿ ಹಾಕಿದರು.

ಮರುದಿನದಿಂದ ಅವರು ಮಾಡಿದ್ದು ಹೊರಗಿನವರ ಕಣ್ಣಿಗೆ ಏನೂ ಅಲ್ಲ. ಒಂದು ಮೋಟು ಸ್ಟೂಲು ತೆಗೆದುಕೊಂಡು ಗೊಣಗಮ್ಮನ ಕೋಣೆಯೊಳಗೆ ಹೋಗಿ, ಅವಳಿಗೆ ಬೆನ್ನು ಮಾಡಿ ಕುಳಿತರು. ಕರೆಯಲಿಲ್ಲ, ತಿರುಗಿ ನೋಡಲಿಲ್ಲ, ಹಣ್ಣಿನ ಆಸೆ ತೋರಿಸಲಿಲ್ಲ. ನನ್ನಿಂದ ಒಯ್ದಿದ್ದ ಆ ಹಳೆಯ ಫ್ಯಾನು ಮೂಲೆಯಲ್ಲಿ ಗುಂಯ್‌ಗುಡುತ್ತಿತ್ತು. ನಾವು ಗಾಜಿನ ಕಿಟಕಿಯಿಂದ ನೋಡುತ್ತ ಉಳಿದ ದಿನಗಳನ್ನು ಎಣಿಸುತ್ತಿದ್ದೆವು. “ಬೆನ್ನು ಕೊಟ್ಟು ಕೂತ್ರೆ ಮತ್ತೆ ಕಚ್ಚಲ್ವಾ?” ಎಂದು ನಾನು ಕೇಳಿದ್ದಕ್ಕೆ, “ಕಚ್ಚಬಹುದು. ತಪ್ಪು ನಮ್ದು ತಾನೇ? ನಂಬಿಕೆ ಮುರಿದೋರು ಮೊದ್ಲು ಬೆನ್ನು ಕೊಡ್ಬೇಕು,” ಎಂದರು. ಆ ಮಾತನ್ನು ನಾನು ಆಮೇಲೆ ನನ್ನ ಸಂಸಾರದಲ್ಲೂ ಬಳಸಿ ನೋಡಿದ್ದೇನೆ, ಉಪಯೋಗಕ್ಕೆ ಬಂದಿದೆ.

ತಿಂಗಳು ಮುಗಿಯಲು ಬಂದಿದ್ದ ಒಂದು ಬೆಳಗ್ಗೆ ಮೂಳೆ ತಜ್ಞರು ವಿಚಾರಿಸಲು ಬಂದು ಕಿಟಕಿಯ ಬಳಿ ನನ್ನ ಪಕ್ಕದಲ್ಲಿ ನಿಂತರು. ಒಳಗೆ ಗೊಣಗಮ್ಮ ಮೆಲ್ಲನೆ ಇಳಿದು ಬಂದಳು. ಅವಳ ಹಿಂಗಾಲುಗಳಲ್ಲಿ ಇನ್ನೂ ಬಲವಿರಲಿಲ್ಲ, ಗೋಡೆ ಹಿಡಿದು ಬಂದಳು. ಡಾಕ್ಟರಮ್ಮನವರ ಹಿಂದೆ ಕುಳಿತು, ಅವರ ತುರುಬನ್ನು ಬಿಚ್ಚಿ, ಒಂದೊಂದೇ ಎಳೆ ಬಿಡಿಸಿ ಹೇನು ಹುಡುಕತೊಡಗಿದಳು. ಡಾಕ್ಟರಮ್ಮ ಅಲುಗಾಡಲಿಲ್ಲ. ಅವರ ಕಣ್ಣಿಂದ ನೀರು ಇಳಿಯುತ್ತಿದ್ದದ್ದು ನಮಗೆ ಕಾಣುತ್ತಿತ್ತು, ಗೊಣಗಮ್ಮನಿಗೆ ಕಾಣುತ್ತಿರಲಿಲ್ಲ. ಮೂಳೆ ತಜ್ಞರು, “ಏನಾದ್ರೂ ಸಿಕ್ಕಿತಾ ಅಂತ ಕೇಳಿ,” ಎಂದಷ್ಟೇ ಹೇಳಿ ಹೊರಟುಹೋದರು. ಅದೇ ವಾರ ಡಾಕ್ಟರಮ್ಮ ಸ್ಕ್ಯಾನ್ ಯಂತ್ರದ ಮೇಜಿನ ಮೇಲೆ ಮೊದಲು ತಾವೇ ಮಲಗಿ ತೋರಿಸಿದರು. ಅವರು ಎದ್ದ ಜಾಗದಲ್ಲಿ ಗೊಣಗಮ್ಮ ಗೊಣಗಿಕೊಂಡೇ ಮಲಗಿದಳು.

ಹೋದ ಮೂಳೆ ಬರುತ್ತದೆ, ಆದರೆ ನಿಧಾನವಾಗಿ ಬರುತ್ತದೆ, ಎಲ್ಲ ಕಡೆಯೂ ಒಂದೇ ಸಮನಾಗಿ ಬರುವುದಿಲ್ಲ. ದೇಹದ ಭಾರವನ್ನು ಪಟ್ಟಿಗಳಿಂದ ಅರ್ಧ ಎತ್ತಿ ಹಿಡಿದು ದಿನದಿನವೂ ನಡೆಸಿದರೆ ಬೇಗ ಬರುತ್ತದೆ. ಇದನ್ನು ನಮಗೆ ಗೊಣಗಮ್ಮ ವರ್ಷಗಳ ಕಾಲ ಮಲಗಿ, ನಡೆದು, ಹತ್ತಿ ತೋರಿಸಿದಳು. ಗಗನಯಾತ್ರಿ ಹೋಗಿ ಬಂದಾಗ ಅದೇ ಪಟ್ಟಿಗಳ ದೊಡ್ಡ ಅಳತೆಯನ್ನು ನಾನು ಹೊಲಿಸಿಕೊಟ್ಟೆ. ಆತ ದಿನವೂ ಕಾಲುನೋವೆಂದು ರಾಗ ಎಳೆಯುತ್ತಿದ್ದರು. “ಮಗೂನ ಎತ್ಕೊಬೇಕಾ ಬೇಡ್ವಾ?” ಎಂದು ಡಾಕ್ಟರಮ್ಮ ಗದರಿಸುತ್ತಿದ್ದರು. ಗಗನಯಾತ್ರಿಯ ಹೆಂಡತಿಯದು ಬೇರೆ ದೂರು: “ಮನೇಲಿ ಒಂದು ಗಾಜಿನ ಲೋಟ ಉಳ್ದಿಲ್ಲ ಮೇಡಂ, ಗಾಳೀಲಿ ಬಿಟ್ಟುಬಿಡ್ತಾರೆ!” ಅದಕ್ಕೆ ಡಾಕ್ಟರಮ್ಮ ಕೊಟ್ಟ ಔಷಧಿ, ಸ್ಟೀಲಿನ ಲೋಟ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಆತ ಪ್ರಾಣಿ ವಿಭಾಗಕ್ಕೆ ಬಂದ ದಿನ ಮೂಳೆ ತಜ್ಞರೇ ಎಲ್ಲರಿಗೂ ಸಿಹಿ ಹಂಚಿದರು.

ನನ್ನ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗಲೂ ಡಾಕ್ಟರಮ್ಮ ಕೆಲಸ ಮುಗಿಸಿ ದಿನಾ ನಮ್ಮ ಮನೆಗೆ ಬಂದು, ಕೈಹಿಡಿದು ನಡೆಸಿದರು. “ಅಮ್ಮ, ನೀವು ನಮ್ಮ ಗೊಣಗಮ್ಮನಿಗಿಂತ ಎಷ್ಟೋ ವಾಸಿ,” ಎಂದು ಅವರು ಹೊಗಳಿದಾಗ ನನ್ನ ತಾಯಿ ಹಿರಿಹಿರಿ ಹಿಗ್ಗಿದರು. ಗೊಣಗಮ್ಮ ಯಾರೆಂದು ತಿಳಿದ ಮೇಲೆ ಎರಡು ದಿನ ನನ್ನೊಡನೆ ಮಾತು ಬಿಟ್ಟರು, ಡಾಕ್ಟರಮ್ಮನೊಡನೆ ಮಾತ್ರ ಬಿಡಲಿಲ್ಲ.

ಗೊಣಗಮ್ಮ ಇನ್ನೂ ಇದ್ದಾಳೆ. ಮುಖದ ಕೂದಲು ಬೆಳ್ಳಗಾಗಿದೆ, ಒಂದು ಕಣ್ಣಿಗೆ ಪೊರೆ ಬಂದಿದೆ, ಗೊಣಗಾಟ ಮಾತ್ರ ಹರೆಯದ್ದೇ. ನಿವೃತ್ತಿಯ ಕಾಗದ ಬಂದಾಗ ಡಾಕ್ಟರಮ್ಮ ಸಂಸ್ಥೆಯನ್ನು ಕೇಳಿಕೊಂಡದ್ದು ಒಂದೇ: ದಿನವೂ ಬೆಳಗ್ಗೆ ಒಳಗೆ ಬರಲು ಗೇಟಿನ ಪಾಸು. ಅದನ್ನು ನಿರ್ದೇಶಕರು ತಾವೇ ತಂದುಕೊಟ್ಟಿದ್ದಾರೆ. ಈ ಸಂಪುಟಕ್ಕೆ ಬರೆಯುತ್ತಿದ್ದೇನೆಂದು ತಿಳಿಸಲು ಹೋದಾಗ ಅವರು ಅದೇ ಮೋಟು ಸ್ಟೂಲಿನ ಮೇಲೆ ಕುಳಿತಿದ್ದರು. ನರೆತ ತುರುಬನ್ನು ಆ ಮುದುಕಿ ಒಂದೇ ಕಣ್ಣಿನಲ್ಲಿ ಹುಡುಕುತ್ತಿದ್ದಳು. ಲೇಖನದ ಕೊನೆಯಲ್ಲಿ ತಮಗೆ ದೀರ್ಘಾಯುಷ್ಯ ಕೋರುವುದು ವಾಡಿಕೆ, ಎಷ್ಟೆಂದು ಕೋರಲಿ ಎಂದು ತಮಾಷೆಗೆ ಕೇಳಿದೆ.

ಡಾಕ್ಟರಮ್ಮ ತಲೆ ಅಲ್ಲಾಡಿಸದೆ, ಬೆನ್ನು ತಿರುಗಿಸದೆ ಹೇಳಿದರು: “ಜಾಸ್ತಿ ಏನೂ ಬೇಡಪ್ಪ. ಇವಳಿಗಿಂತ ಒಂದು ದಿನ ಹೆಚ್ಚು ಕೊಡ್ಲಿ ಅಂತ ಬರೀರಿ. ಇವಳನ್ನ ಇನ್ನೊಬ್ರ ಕೈಗೆ ಬಿಟ್ಟು ಹೋಗಕ್ಕೆ ನನ್ನಿಂದಾಗಲ್ಲ.”

ಅವರ ಮಾತನ್ನು ಮೀರುವ ಧೈರ್ಯ ನನಗೆ ಎಂದೂ ಇರಲಿಲ್ಲ. ಆದ್ದರಿಂದ ಅವರು ಕೇಳಿದಷ್ಟನ್ನೇ ಅವರಿಗೆ ಕೋರುತ್ತೇನೆ. ಉಳಿದ ಹಾರೈಕೆಯನ್ನೆಲ್ಲ, ಸಂಸ್ಥೆಯ ಸಮಸ್ತರ ಪರವಾಗಿ, ಗೊಣಗಮ್ಮನಿಗೆ ಅರ್ಪಿಸುತ್ತೇನೆ: ತಾಯಿ, ನೀನು ಬಹುಕಾಲ ಬಾಳು.