ರೇಜರ್ ಗಂಟಲ ಮೇಲಿರುವಾಗ

ಇವತ್ತು ಬೆಳಗ್ಗೆ ವರಾಂಡದಲ್ಲಿ ಸ್ಟೂಲಿನ ಮೇಲೆ ಕೂತು ಸೋಪಿನ ಬಟ್ಟಲಲ್ಲಿ ಒದ್ದೆ ಬ್ರಷ್ಷು ತಿರುಗಿಸುತ್ತಿದ್ದೆ. ನೊರೆಯ ಜೊತೆಗೇ ಅದರ ವಾಸನೆಯೂ ಎದ್ದಿತು. ತುಮಕೂರಿನ ಅಂಚಿನಲ್ಲಿರುವ ನಮ್ಮ ಮರಳೂರಿನಿಂದ ಗುಬ್ಬಿಗೆ ಹೋಗಲು ನನಗೆ ಆಮೇಲೆ ರೈಲೂ ಬೇಡ, ಬಸ್ಸೂ ಬೇಡ. ಕಣ್ಣು ಮುಚ್ಚಿದರೆ ದೊಡ್ಡಪ್ಪನ ಜಗಲಿ, ಕಂಬಕ್ಕೆ ನೇತುಹಾಕಿದ ಕನ್ನಡಿ, ಅದರ ಮುಂದೆ ಅರ್ಧ ಮುಖ ಬೆಳ್ಳಗೆ ಮಾಡಿಕೊಂಡು ಕೂತ ದೊಡ್ಡಪ್ಪ. ಆದರೆ ಅಲ್ಲಿಗೆ ಹೋಗುವ ಮುಂಚೆ, ಬಚ್ಚಲಿನಲ್ಲಿರಬೇಕಾದ ನಾನು ವರಾಂಡಕ್ಕೆ ಹೇಗೆ ಬಂದೆ ಎಂದು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ನನ್ನನ್ನು ಸರಳ ಮನುಷ್ಯ ಎಂದುಕೊಳ್ಳುವ ಅಪಾಯವಿದೆ.

ನಾನು ಸರಳ ಮನುಷ್ಯನಲ್ಲ. ಗಡ್ಡ ಹೆರೆದುಕೊಳ್ಳುವುದು ಒಂದು ಕಲೆ ಎಂದು ನಂಬಿದವನು. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. ಅಲ್ಲಿ ನನ್ನ ಕೈಕೆಳಗೆ ಕೆಲಸ ಮಾಡುವವರೆಲ್ಲ ಗಡ್ಡ ಬಿಟ್ಟವರು. ಗಡ್ಡಕ್ಕೆ ಎಣ್ಣೆ ಹಚ್ಚಿ, ಬಾಚಿ, ಮೊಬೈಲಿನಲ್ಲಿ ನೋಡಿಕೊಳ್ಳುತ್ತಾರೆ. ಅವರನ್ನು ಕಂಡು ನಾನು ಮರುಗುತ್ತೇನೆ, ನನ್ನನ್ನು ಕಂಡು ಅವರು ನಗುತ್ತಾರೆ. ಆದರೆ ನನ್ನ ನೋವು ಬಲ್ಲವರ ಒಂದು ವಾಟ್ಸಾಪ್ ಗ್ರೂಪು ಇದೆ. ಊರೂರಿನ ಗಂಡಸರು ಬೆಳಗಾಗೆದ್ದು ತಮ್ಮ ಹಳೆಯ ರೇಜರ್, ಬ್ರಷ್ಷು, ಸೋಪು, ಪಟಿಕದ ಗಟ್ಟಿ ಎಲ್ಲವನ್ನೂ ಟವೆಲ್ ಮೇಲೆ ಪೂಜೆಗೆ ಇಟ್ಟ ಹಾಗೆ ಜೋಡಿಸಿ ಫೋಟೋ ಹಾಕುತ್ತಾರೆ. ಉಳಿದವರು ಕೈಮುಗಿದ ಚಿತ್ರ ಕಳಿಸುತ್ತಾರೆ. ಮುಖದ ಫೋಟೋ ಮಾತ್ರ ಯಾರೂ ಹಾಕುವುದಿಲ್ಲ. ಮುಖದ ಮೇಲೆ ಅಲ್ಲಲ್ಲಿ ಪೇಪರಿನ ಚೂರು ಅಂಟಿಸಿಕೊಂಡಿರುತ್ತಾರೆ, ರಕ್ತ ನಿಲ್ಲಲಿ ಎಂದು.

ನನ್ನ ಬಳಿ ಇರುವ ರೇಜರ್‌ಗಳಲ್ಲಿ ಒಂದಕ್ಕೆ ಒಂದೇ ಕಡೆ ಅಲಗಿರುವ ದಪ್ಪ ಬ್ಲೇಡು ಬೇಕು. ಅದರ ತಲೆ ತಿಜೋರಿಯ ಬಾಗಿಲಿನಂತೆ ತೆರೆದು, ಟಕ್ ಎಂದು ಮುಚ್ಚಿಕೊಳ್ಳುತ್ತದೆ. ಭಾರ ಹಾಕದೆ ಕೆನ್ನೆಗೆ ಒರಗಿಸಿ ಎಳೆದರೆ ರಾಗಿ ಹೊಲದಲ್ಲಿ ಕುಡುಗೋಲು ಆಡಿದ ಸದ್ದು ಬರುತ್ತದೆ. ಆ ಸದ್ದು ಚೆನ್ನಾಗಿ ಕೇಳಲಿ ಎಂದು ನಾನು ಕೆಲವು ದಿನ ಗಡ್ಡವನ್ನು ಬೇಕೆಂದೇ ಬಿಡುವುದುಂಟು. ಅದರ ಬ್ಲೇಡು ಹುಡುಕಿಕೊಂಡು ಪೇಟೆಯಲ್ಲಿ ಅಲೆದು, ಕೊನೆಗೆ ಹಾರ್ಡ್‌ವೇರ್ ಅಂಗಡಿಯ ಸಾಬರ ಹತ್ತಿರ ಕಂಡೆ.

“ಸಾರ್, ಇದು ಗಾಜಿನ್ ಮೇಲೆ ಬಿದ್ದಿರೋ ಪೇಂಟ್ ಕೆರೆಯೋ ಬ್ಲೇಡು,” ಎಂದರು.

“ಗೊತ್ತು. ನನಗೆ ಮುಖಕ್ಕೆ ಬೇಕು.”

ಅವರು ಕನ್ನಡಕ ಸರಿಮಾಡಿಕೊಂಡು ನನ್ನ ಮುಖವನ್ನು ಎರಡೂ ಕಡೆಯಿಂದ ನೋಡಿದರು. “ಪೇಂಟ್ ಏನೂ ಬಿದ್ದಿಲ್ವಲ್ಲ ಸಾರ್,” ಎಂದರು.

ಇನ್ನೊಂದು ದೊಡ್ಡಪ್ಪನದು. ಅದು ಇಂಜೆಕ್ಟರ್ ರೇಜರ್. ಬ್ಲೇಡುಗಳು ಒಂದು ಪುಟ್ಟ ತಗಡಿನ ಡಬ್ಬಿಯಲ್ಲಿರುತ್ತವೆ. ಡಬ್ಬಿಯ ಮೂತಿಯನ್ನು ರೇಜರಿನ ತಲೆಯ ಪಕ್ಕಕ್ಕೆ ಸಿಕ್ಕಿಸಿ ದೂಡಿದರೆ ಹೊಸ ಬ್ಲೇಡು ಒಳಗೆ ಹೋಗುತ್ತದೆ, ಹಳೆಯದು ಇನ್ನೊಂದು ಕಡೆಯಿಂದ ಹೊರಗೆ ಬೀಳುತ್ತದೆ. ಶಾಲಿಲ್ಲ, ಹಾರವಿಲ್ಲ, ಬೀಳ್ಕೊಡುಗೆ ಭಾಷಣವಿಲ್ಲ. ನಮ್ಮ ಆಫೀಸಿನ ಕೆಲವು ಕುರ್ಚಿಗಳಿಗೂ ಇಂಥ ಏರ್ಪಾಡು ಇದ್ದಿದ್ದರೆ ಎಂದು ನನಗೆ ಆಗಾಗ ಅನಿಸಿದೆ. ನನ್ನ ಕುರ್ಚಿಯ ವಿಷಯದಲ್ಲಿ ಉಳಿದವರಿಗೂ ಅನಿಸಿರಬಹುದು.

ಇಷ್ಟೆಲ್ಲ ಕಲೆಗೆ ಸಮಯ ಹಿಡಿಯುತ್ತದೆ. ಮನೆಯಲ್ಲಿರುವುದು ಒಂದೇ ಬಚ್ಚಲು. ನನ್ನ ಹೆಂಡತಿ ಸರೋಜ ಬಾಗಿಲು ಗುದ್ದಿ ಗುದ್ದಿ ಸಾಕಾಗಿ, ಒಂದು ದಿನ ಕನ್ನಡಿಯನ್ನೇ ಕಿತ್ತು ತಂದು ವರಾಂಡದ ಕಂಬಿಗೆ ಕಟ್ಟಿದಳು. “ಕಲೆ ಅಂದ್ಮೇಲೆ ನಾಕು ಜನ ನೋಡ್ಬೇಕಲ್ವಾ? ಇಲ್ಲೇ ಮಾಡ್ಕೊಳ್ಳಿ,” ಎಂದಳು. ಅಂದಿನಿಂದ ಹಾಲಿನವರು, ಪೇಪರಿನವರು, ಎದುರು ಮನೆಯವರು ಎಲ್ಲರೂ ನನ್ನ ಕಲೆಯನ್ನು ನೋಡುತ್ತಾ ಬಂದಿದ್ದಾರೆ. ಇಲ್ಲಿಯವರೆಗೆ ಯಾರೂ ಮೆಚ್ಚಿ ಮಾತಾಡಿಲ್ಲ.

ಈಗ ಗುಬ್ಬಿಗೆ ಹೋಗೋಣ. ದೊಡ್ಡಪ್ಪ ಕೊಬ್ಬರಿ ವ್ಯಾಪಾರಿ. ‘ಇಲ್ಲ’ ಎನ್ನುವುದರಲ್ಲಿ ಊರಿಗೇ ಹೆಸರಾಗಿದ್ದರು. ಎದುರಿನವರು ಬಾಯಿ ತೆರೆಯುವುದರೊಳಗೆ ಇಲ್ಲ ಎಂದುಬಿಡುತ್ತಿದ್ದರು; ಏನು ಕೇಳಲು ಬಂದಿದ್ದರು ಎಂಬುದನ್ನು ಆಮೇಲೆ ವಿಚಾರಿಸುತ್ತಿದ್ದರು. ಆದರೆ ಅವರಿಗೂ ಒಂದು ಕಷ್ಟದ ಗಳಿಗೆ ಇತ್ತು. ಜಗಲಿಯ ಮೇಲೆ ಕೂತು, ಕತ್ತು ಎತ್ತಿ, ರೇಜರನ್ನು ಗಂಟಲ ಮೇಲೆ ಇಟ್ಟಾಗ ಅವರು ಬಾಯಿ ತೆರೆಯುವಂತಿರಲಿಲ್ಲ, ನೊರೆ ಒಳಗೆ ಹೋಗುತ್ತದೆ. ತಲೆ ಅಲ್ಲಾಡಿಸುವಂತಿರಲಿಲ್ಲ, ಕತ್ತು ಕುಯ್ದುಹೋಗುತ್ತದೆ. ಆ ಸ್ಥಿತಿಯಲ್ಲಿ ಮನುಷ್ಯನಿಂದ ಹೊರಡುವುದು ಒಂದೇ ಸದ್ದು, ‘ಹೂಂ’. ‘ಊಹೂಂ’ ಎನ್ನಬೇಕಾದರೆ ತಲೆ ಆಡಲೇಬೇಕು. ನಂಬಿಕೆ ಬರದಿದ್ದರೆ ನೀವೇ ಕನ್ನಡಿ ಮುಂದೆ ನಿಂತು ನೋಡಿ, ಆದರೆ ರೇಜರ್ ಇಲ್ಲದೆ.

ಈ ಗುಟ್ಟು ಊರಿಗೆಲ್ಲ ಗೊತ್ತಿತ್ತು. ತೋಟದ ಆಳುಗಳಿಗೆ ರಜೆ ಬೇಕಾದಾಗ, ಭಜನೆಯವರಿಗೆ ಹಾರ್ಮೋನಿಯಂ ಬೇಕಾದಾಗ, ದೊಡ್ಡಮ್ಮನಿಗೆ ತವರಿಗೆ ಹೋಗಬೇಕಾದಾಗ ಎಲ್ಲರೂ ನೊರೆಗೆ ಕಾಯುತ್ತಿದ್ದರು. ಕೆನ್ನೆ ಹೆರೆಯುವಾಗ ಯಾರೂ ಬಾಯಿ ಬಿಡುತ್ತಿರಲಿಲ್ಲ. ಕತ್ತು ಮೇಲೆದ್ದ ಕೂಡಲೇ ಜಗಲಿ ತುಂಬಿಹೋಗುತ್ತಿತ್ತು. ಮುಖ ಒರೆಸಿಕೊಂಡ ಮೇಲೆ ದೊಡ್ಡಪ್ಪ ಬೇಕಾದಷ್ಟು ಕೂಗಾಡುತ್ತಿದ್ದರು. ಆದರೆ ಒಮ್ಮೆ ಹೂಂ ಎಂದದ್ದನ್ನು ಹಿಂದಕ್ಕೆ ತೆಗೆದುಕೊಂಡದ್ದು ನನಗೆ ನೆನಪಿಲ್ಲ.

ನಾನಾಗ ಅವರ ಮನೆಯಲ್ಲೇ ಇದ್ದು ತುಮಕೂರಿನ ಕಾಲೇಜಿಗೆ ರೈಲಿನಲ್ಲಿ ಓಡಾಡುತ್ತಿದ್ದೆ. ಅವರ ಮಗಳು ಸುಶೀಲಕ್ಕ ನರ್ಸಿಂಗ್ ಓದುತ್ತೇನೆ ಎಂದಳು. ದೊಡ್ಡಪ್ಪ ಊಟದ ತಟ್ಟೆಯಿಂದ ಎದ್ದೇಬಿಟ್ಟರು. “ಕಂಡೋರ ಮೈ ತೊಳೆಯೋಕಾ ನಿನ್ನ ಸಾಕಿದ್ದು?” ಎಂದರು. ಬಂದುಹೋದ ನೆಂಟರಿಗೆಲ್ಲ ತಾವು ಇಲ್ಲ ಎಂದದ್ದನ್ನು ಹೇಳಿಕೊಂಡರು. ಕೆಲವು ದಿನಗಳ ನಂತರ ದೊಡ್ಡಮ್ಮ ಬೆಳಗ್ಗೆ ಸುಶೀಲಕ್ಕನ ಬೆನ್ನಿಗೆ ಕೈಯಿಟ್ಟು ಜಗಲಿಗೆ ತಳ್ಳಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ದೊಡ್ಡಪ್ಪನ ಕತ್ತು ಮೇಲಿತ್ತು. ಸುಶೀಲಕ್ಕ ಕಂಬ ಹಿಡಿದುಕೊಂಡು ಕೇಳಿದಳು. ರೇಜರ್ ಗಂಟಲ ಮೇಲೆ ಹೋಯಿತು, ಬಂತು, ಮತ್ತೆ ಹೋಯಿತು. ಆಮೇಲೆ “ಹೂಂ” ಎಂಬ ಸದ್ದು ಬಂತು. ಸುಶೀಲಕ್ಕ ನರ್ಸ್ ಆದಳು. ಕುಣಿಗಲ್‌ನಲ್ಲಿ ಕೆಲಸ ಮಾಡಿ, ಅಲ್ಲೇ ನಿವೃತ್ತಳಾದಳು. ದೊಡ್ಡಪ್ಪ ತೀರಿಕೊಂಡ ಮೇಲೆ ಈ ರೇಜರನ್ನು ನನಗೆ ಕೊಟ್ಟವಳೂ ಅವಳೇ.

ಇದನ್ನೆಲ್ಲ ನಾನು ತಮಾಷೆಯ ಕಥೆಯಾಗಿ ಎಲ್ಲರಿಗೂ ಹೇಳುತ್ತಿದ್ದೆ. ನನ್ನ ಮಗಳು ಚೈತ್ರ ಬಾಯಿ ತೆರೆಯುವವರೆಗೆ.

ಅವಳು ಬಿ.ಕಾಂ. ಮುಗಿಸಿ, ಕೂದಲು ಕತ್ತರಿಸುವ ಕೋರ್ಸ್ ಮಾಡಿದ್ದಾಳೆ. ಹವ್ಯಾಸಕ್ಕೆ ಎಂದುಕೊಂಡಿದ್ದೆ. ಹತ್ತು ದಿನದ ಹಿಂದೆ ಊಟಕ್ಕೆ ಕೂತಾಗ, ಇಲ್ಲೇ ಮರಳೂರಿನಲ್ಲಿ ಸಲೂನ್ ಇಡುತ್ತೇನೆ ಎಂದಳು. ಹೆಂಗಸರಿಗೂ, ಗಂಡಸರಿಗೂ. ಕಟಿಂಗೂ, ಶೇವಿಂಗೂ. ಅಂಗಡಿ ನೋಡಿಯಾಗಿದೆ, ಅದರ ಮಾಲೀಕರು ‘ಅಪ್ಪನ್ನ ಕರ್ಕೊಂಡ್ ಬಾಮ್ಮ, ಗಂಡಸರ ಹತ್ರ ಮಾತಾಡ್ತೀನಿ’ ಎಂದಿದ್ದಾರೆ.

“ಕಂಡೋರ ಗಡ್ಡ ಹೆರೆಯೋಕಾ ನಿನ್ನ ಓದಿಸಿದ್ದು?” ಎಂದೆ. ತಟ್ಟೆಯಿಂದ ಎದ್ದೇಬಿಟ್ಟೆ. ನಾನು ಯಾರ ಮಾತನ್ನು ಆಡುತ್ತಿದ್ದೇನೆ ಎಂಬುದು ಆಗ ಹೊಳೆಯಲಿಲ್ಲ.

“ಅಪ್ಪ, ನಿನ್ನ ಗ್ರೂಪಲ್ಲಿ ಇದನ್ನ ಕಲೆ ಅಂತೀಯ,” ಎಂದಳು ಚೈತ್ರ. “ಇನ್ನೊಬ್ರ ಮುಖದ ಮೇಲೆ ಮಾಡಿದ್ರೆ ಏನಂತೀಯ?”

ದನಿ ಏರಿಸಿದೆ. “ನಮ್ಮೋರಲ್ಲಿ ಯಾರೂ ಆ ಕೆಲಸ ಮಾಡಿಲ್ಲ!”

“ದಿನಾ ಬೆಳಗ್ಗೆ ನೀವೇ ವರಾಂಡದಲ್ಲಿ ಕೂತು ಮಾಡ್ತಿದೀರಲ್ರೀ,” ಎಂದಳು ಸರೋಜ, ಮಜ್ಜಿಗೆ ಬಡಿಸುತ್ತಾ.

ಅಲ್ಲಿಂದಾಚೆ ಚೈತ್ರ ನನ್ನೊಂದಿಗೆ ಮಾತು ಬಿಟ್ಟಳು. ಕಾಫಿ ಬರುತ್ತಿತ್ತು, ಲೋಟವನ್ನು ಕುಕ್ಕಿ ಹೋಗುತ್ತಿದ್ದಳು. ಅಂಗಡಿಯವರು ಇವತ್ತು ಸಂಜೆಯವರೆಗೆ ಕಾಯುವುದಾಗಿ ಹೇಳಿದ್ದಾರೆ, ಆಮೇಲೆ ಚಿಕನ್ ಅಂಗಡಿಯವರಿಗೆ ಕೊಡುತ್ತಾರೆ ಎಂದು ಸರೋಜಳಿಂದ ತಿಳಿಯಿತು. ಮಗಳ ಮುಖ ನೋಡಿದರೆ ಸಂಕಟವಾಗುತ್ತಿತ್ತು. ಆದರೆ ಸಿಟ್ಟಿನಲ್ಲಿ ಸರೋಜಳ ಅಣ್ಣನಿಗೂ, ನನ್ನ ತಮ್ಮನಿಗೂ ಫೋನ್ ಮಾಡಿ ‘ಖಡಾಖಂಡಿತವಾಗಿ ಇಲ್ಲ ಅಂದ್ಬಿಟ್ಟೆ’ ಎಂದು ಹೇಳಿಕೊಂಡಾಗಿತ್ತು. ಆ ಮಾತಿನಿಂದ ಕೆಳಗೆ ಇಳಿಯುವುದು ಹೇಗೆ?

ಹಿರಿಯರೊಬ್ಬರು ಬುದ್ಧಿ ಹೇಳಿದರೆ ಹುಡುಗಿ ಕೇಳಬಹುದು ಎಂದು ಹೋದ ಭಾನುವಾರ ಕುಣಿಗಲ್ ಬಸ್ಸು ಹತ್ತಿ ಸುಶೀಲಕ್ಕನ ಮನೆಗೆ ಹೋದೆ. ಇಡೀ ವಂಶದಲ್ಲಿ ಈ ಕೆಲಸಕ್ಕೆ ಅವಳನ್ನೇ ಆರಿಸಿದ ನನ್ನ ಬುದ್ಧಿಗೆ ನೀವು ನಗಬಹುದು. ಚೈತ್ರಳ ವಿಷಯ ಮಾತಾಡಬೇಕು ಎಂದಷ್ಟೇ ಹೇಳಿ, ಮೊದಲು ಮಾತು ಹಗುರವಾಗಲಿ ಎಂದು ದೊಡ್ಡಪ್ಪನನ್ನು ಬಲೆಗೆ ಬೀಳಿಸಿದ ಅವಳ ಜಾಣತನವನ್ನು ಹೊಗಳಿದೆ.

“ಯಾರು ಬೀಳ್ಸಿದ್ದು? ನಾನಾ?” ಎಂದು ನಕ್ಕಳು. “ಅವತ್ತು ಅಪ್ಪ ಮುಖ ತೊಳೆಯೋಕೆ ಎದ್ದೋದ್ರು. ನಾನು ಸಾಮಾನು ಎತ್ತಿಡೋಣ ಅಂತ ನೋಡ್ತೀನಿ, ರೇಜರಲ್ಲಿ ಬ್ಲೇಡೇ ಇಲ್ಲ ಕಣೋ! ತೆಗೆದು ಸೋಪಿನ್ ಬಟ್ಲ ಪಕ್ಕದಲ್ಲಿ ಇಟ್ಟವ್ರೆ. ಗಡ್ಡ ನಾನ್ ಬರೋಕ್ ಮುಂಚೇನೇ ಮುಗ್ದೋಗಿತ್ತು. ಇನ್ನೊಂದ್ ಸಲ ನೊರೆ ಬಳ್ಕೊಂಡು ಸುಮ್ನೆ ಎಳೀತಾ ಕೂತಿದ್ರು.”

“ಯಾಕಕ್ಕ?”

“ಊರಿಗೆಲ್ಲ ಇಲ್ಲ ಅಂತ ಹೇಳ್ಬುಟ್ಟಿದ್ರಲ್ಲ. ನಾನ್ ಬಂದು ಕೇಳ್ಲಿ ಅಂತ ಕಾಯ್ತಾ ಇದ್ರು, ಪಾಪ.” ಅವಳ ಕಣ್ಣು ಒದ್ದೆಯಾಯಿತು. ಸೆರಗಿನಿಂದ ಒರೆಸಿಕೊಂಡು, “ಚೈತ್ರನ ವಿಷ್ಯ ಏನೋ ಹೇಳ್ಬೇಕು ಅಂದ್ಯಲ್ಲ?” ಎಂದಳು.

“ಏನಿಲ್ಲ ಬಿಡಕ್ಕ, ಚೆನ್ನಾಗವ್ಳೆ,” ಎಂದು ಬಸ್ ಸ್ಟ್ಯಾಂಡಿಗೆ ನಡೆದೆ.

ಇವತ್ತು ಬೆಳಗ್ಗೆ ದೊಡ್ಡಪ್ಪನ ರೇಜರಿನಲ್ಲೇ ಗಡ್ಡ ಮುಗಿಸಿದೆ. ಬ್ಲೇಡನ್ನು ತೆಗೆದು ಸಾಸರಿನಲ್ಲಿಟ್ಟೆ. ಇನ್ನೊಂದು ಸಲ ನೊರೆ ಹಚ್ಚಿ, ಕತ್ತು ಎತ್ತಿ, ಖಾಲಿ ರೇಜರ್ ಆಡಿಸುತ್ತಾ ಕೂತೆ. ಯಾರೂ ಬರಲಿಲ್ಲ. ದೊಡ್ಡಪ್ಪನ ಪದ್ಧತಿಗೆ ಇಡೀ ಊರು ಪಳಗಿತ್ತು. ನಮ್ಮ ಮನೆಯಲ್ಲಿ ಈ ಪದ್ಧತಿಯೇ ಇಲ್ಲ ಎಂಬುದು ನನಗೆ ಮರೆತುಹೋಗಿತ್ತು. ನೊರೆ ಒಣಗಿ ಮುಖ ಬಿಗಿಯತೊಡಗಿತು. ಎದುರು ಮನೆಯವರು ಗೇಟಿಗೆ ಬಂದು ನೋಡಿ, ಒಳಗೆ ಹೋಗಿ ಹೆಂಡತಿಯನ್ನೂ ಕರೆದುಕೊಂಡು ಬಂದರು. ಕೊನೆಗೆ ನಾಚಿಕೆ ಬಿಟ್ಟು “ಕಾಫಿ!” ಎಂದು ಕೂಗಿದೆ.

ಚೈತ್ರ ಬಂದಳು. ಲೋಟ ಕುಕ್ಕಲು ಬಗ್ಗಿದವಳು ಸಾಸರ್ ನೋಡಿದಳು.

“ಅಪ್ಪ, ಬ್ಲೇಡು ಇಲ್ಲೇ ಇದೆ. ಆಗ್ಲಿಂದ ಏನ್ ಮಾಡ್ತಿದೀಯ?”

ಖಾಲಿ ರೇಜರನ್ನು ಗಂಟಲ ಮೇಲೆ ಇನ್ನೊಮ್ಮೆ ಎಳೆದೆ. ಅವಳು ನನ್ನನ್ನು, ರೇಜರನ್ನು, ಮತ್ತೆ ನನ್ನನ್ನು ನೋಡಿದಳು. ದೊಡ್ಡಪ್ಪನ ಕಥೆಯನ್ನು ನನ್ನ ಬಾಯಿಂದಲೇ ಕೇಳಿ ಬೆಳೆದವಳು. ಅವಳ ಮುಖದಲ್ಲಿ ಏನೋ ಸಡಿಲವಾಯಿತು. “ಗದ್ದದ ಕೆಳಗೆ ಪೂರ್ತಿ ಬಿಟ್ಟಿದೀಯ,” ಎಂದು ನನ್ನ ಕೈಯಿಂದ ರೇಜರ್ ತೆಗೆದುಕೊಂಡಳು. ಡಬ್ಬಿಯನ್ನು ಸಿಕ್ಕಿಸಿ ದೂಡಿದಳು. ಹೊಸ ಬ್ಲೇಡು ಕೂತ ಸದ್ದಾಯಿತು. “ತಲೆ ಎತ್ತು.”

ಎತ್ತಿದೆ. ಗದ್ದದ ಕೆಳಗೆ ನನ್ನ ಕೂದಲು ಸುಳಿ ಸುತ್ತಿಕೊಂಡಿದೆ. ಇಷ್ಟು ವರ್ಷದ ಕಲೆಯಲ್ಲಿ ಅಲ್ಲಿ ರಕ್ತ ಬರದ ದಿನವಿಲ್ಲ. ಅವಳು ಅಲ್ಲಿಗೆ ಹೊಸದಾಗಿ ನೊರೆ ಹಚ್ಚಿ, ಬೆರಳಿನಿಂದ ಚರ್ಮವನ್ನು ಎಳೆದು ಹಿಡಿದು ಮೆಲ್ಲಗೆ ಹೆರೆದಳು. ಎದುರು ಮನೆಯ ಗಂಡಹೆಂಡತಿ ಗೇಟಿಗೆ ಒರಗಿಕೊಂಡು ನೋಡುತ್ತಿದ್ದರು.

“ಸಾಯಂಕಾಲ ಅಂಗಡಿಯವ್ರ ಹತ್ರ ಹೋಗ್ಬೇಕು,” ಎಂದಳು, ಕೈ ನಿಲ್ಲಿಸದೆ. “ಬರ್ತೀಯಾ ಅಪ್ಪ?”

ರೇಜರ್ ಗಂಟಲ ಮೇಲಿತ್ತು.

“ಹೂಂ,” ಎಂದೆ.

ಅವಳ ಕೈ ನಿಂತಿತು. ರೇಜರನ್ನು ನನ್ನ ಕತ್ತಿನಿಂದ ದೂರ ಹಿಡಿದು, ನನ್ನ ಮುಖವನ್ನೇ ನೋಡುತ್ತಾ ಕಾದಳು. ಈಗ ತಲೆ ಅಲ್ಲಾಡಿಸಬಹುದಿತ್ತು, ಬಾಯಿ ತೆರೆಯಲೂ ಅಡ್ಡಿ ಇರಲಿಲ್ಲ.

“ಕಿವಿ ಕೆಳಗೂ ಸ್ವಲ್ಪ ಉಳಿದಿದೆ ನೋಡು,” ಎಂದೆ.